ಗುಂಪಾಗಿ ಹೊರಟ ಜೀವಕೋಶಗಳು

ಕೇಳುಗರೇ, ನಮಸ್ಕಾರ.

ಅಕ್ವೇರಿಯಂ ಅಂಗಡಿಯಲ್ಲಿ ಕಡಿಮೆ ಬೆಲೆಯ ಮೀನುಗಳ ತೊಟ್ಟಿಗೆ ಕಣ್ಣು ಹಾಯಿಸಿ. ಮೂರು ನಾಲ್ಕು ಸೆಂಟಿಮೀಟರ್ ಉದ್ದದ, ಮೈಮೇಲೆ ನೀಲಿ ಪಟ್ಟೆಯಿರುವ ಮೀನು ಕಂಡರೆ ಅದು ಜೀಬ್ರಾ ಮೀನು. ನಮ್ಮ ದೇಶದ್ದೇ. 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಬಂದ ಪುಸ್ತಕದಲ್ಲಿ ಇದನ್ನು ಮೊದಲು ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಯಾರಿವರು ಅಂತೀರಾ? ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಬೆಳೆ, ಮಗ್ಗ, ಸಂತೆ ಎಲ್ಲವನ್ನೂ ಬರೆದಿಟ್ಟರಲ್ಲ, ಆ ಬುಕಾನನ್ ಇವರೇ! ಹ್ಯಾಮಿಲ್ಟನ್ ಆಗಿದ್ದು ಆಮೇಲೆ.

ಇರಲಿ, ಇವತ್ತಿನ ಮಾತು ಬುಕಾನನ್ ಬಗ್ಗೆ ಅಲ್ಲ. ಈ ಮೀನಿನ ಭ್ರೂಣದೊಳಗೆ ನಡೆಯುವ ಒಂದು ಪ್ರಯಾಣದ ಬಗ್ಗೆ.

ಜೀಬ್ರಾ ಮೀನಿನ ಭ್ರೂಣ ಪಾರದರ್ಶಕ. ಒಳಗೆ ನಡೆಯುವುದೆಲ್ಲ ಸೂಕ್ಷ್ಮದರ್ಶಕದಲ್ಲಿ ಜೀವಂತವಾಗಿಯೇ ಕಾಣುತ್ತದೆ. ಒಂದು ದಿನ ತುಂಬುವ ಹೊತ್ತಿಗೆ ಕಿವಿಯ ಹಿಂದಿನಿಂದ ನೂರು ಚಿಲ್ಲರೆ ಜೀವಕೋಶಗಳ ಗುಂಪೊಂದು ಬಾಲದ ಕಡೆ ಹೊರಡುತ್ತದೆ. ಚರ್ಮದ ಅಡಿಯಲ್ಲೇ ದಾರಿ. ಗಂಟೆಗೆ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಸಾಗುವುದಿಲ್ಲ. ಬಾಲದ ತುದಿ ಮುಟ್ಟಲು ಹೆಚ್ಚುಕಡಿಮೆ ಒಂದು ದಿನ ಬೇಕು.

ಈ ಕೋಶಗಳು ಚದುರುವುದಿಲ್ಲ. ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್ ಒಂದನ್ನೊಂದು ಅಂಟಿಸಿ ಹಿಡಿದಿರುತ್ತದೆ. ಹಿಂದಿನ ಕೆಲವು ಆಗಾಗ ನಿಧಾನವಾಗಿ, ಸುತ್ತುಗಟ್ಟಿ ಕೂತು, ಅಲ್ಲೇ ಉಳಿದುಬಿಡುತ್ತವೆ. ಹೀಗೆ ಪಕ್ಕೆಯುದ್ದಕ್ಕೂ ಐದಾರು ಕಡೆ ಪುಟ್ಟ ಗಂಟುಗಳಾಗುತ್ತವೆ. ಮುಂದೆ ನೀರಿನ ಅಲುಗಾಟ ಮೀನಿಗೆ ತಿಳಿಯುವುದು ಇವುಗಳಿಂದಲೇ. ಅಲ್ಲಿರುವ ರೋಮಕೋಶಗಳು, ಅಂದರೆ ತುದಿಯಲ್ಲಿ ಕೂದಲಿನಂಥ ಎಳೆಗಳಿರುವ ಕೋಶಗಳು, ನಮ್ಮ ಒಳಕಿವಿಯಲ್ಲಿರುವಂಥವೇ.

ಸರಿ, ಬಾಲ ಯಾವ ಕಡೆ ಅಂತ ಇವಕ್ಕೆ ಹೇಳುವವರು ಯಾರು? ಭ್ರೂಣದ ಪಕ್ಕೆಯಲ್ಲಿ ಒಂದು ರಾಸಾಯನಿಕದ ಗೆರೆ ಇದೆ. ಅದು ಬಾಲದ ಕಡೆ ಜಾಸ್ತಿ, ತಲೆಯ ಕಡೆ ಕಡಿಮೆ ಇದ್ದೀತು ಅನ್ನಿಸುತ್ತದೆ, ಅಲ್ವಾ? 2006ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ಪೆಟ್ರಾ ಹಾಸ್ ಮತ್ತು ಡ್ಯಾರೆನ್ ಗಿಲ್ಮೋರ್ ಕಂಡದ್ದೇ ಬೇರೆ. ಗೆರೆ ಮುಂದೆ ಇಲ್ಲವಾದಾಗ ಗುಂಪು ಹಿಂದಕ್ಕೆ ತಿರುಗಿ, ಬಂದ ದಾರಿಯಲ್ಲೇ ತಲೆಯ ಕಡೆ ನಡೆಯಬಲ್ಲದು! ಅಂದರೆ ಗೆರೆ ದಾರಿಯನ್ನಷ್ಟೇ ತೋರಿಸುತ್ತದೆ, ದಿಕ್ಕನ್ನಲ್ಲ.

ದಿಕ್ಕಿನ ಗುಟ್ಟು ರಟ್ಟಾಗಿದ್ದು 2013ರಲ್ಲಿ. ಗುಂಪಿನ ಹಿಂಬದಿಯ ಕೋಶಗಳು ಆ ರಾಸಾಯನಿಕವನ್ನು ಹಿಡಿದು ನುಂಗಿಹಾಕುತ್ತವೆ. ಬೆಲ್ಲದ ಪುಡಿಯ ಗೆರೆಯ ಮೇಲೆ ಇರುವೆಗಳು ಹೊರಟಿವೆ ಅಂದುಕೊಳ್ಳಿ. ಹಿಂದಿನವು ತಮ್ಮ ಕಾಲಡಿಯದನ್ನು ಖಾಲಿ ಮಾಡಿದರೆ ಬೆಲ್ಲ ಉಳಿಯುವುದು ಮುಂದೆ ಮಾತ್ರ. ಹೆಚ್ಚು ಕಡಿಮೆ ಎಂಬ ವ್ಯತ್ಯಾಸವನ್ನು ಗುಂಪು ತಾನೇ ಉಂಟುಮಾಡಿಕೊಂಡು, ತಾನೇ ಅದರ ಬೆನ್ನು ಹತ್ತುತ್ತದೆ. ಈ ನುಂಗುವ ಕೆಲಸ ಕೆಡಿಸಿದರೆ ಗುಂಪು ಮುಂದೆ ಹೋಗದೆ ನಿಂತುಬಿಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು ಪ್ರಯೋಗ. ರಾಸಾಯನಿಕದ ವಾಸನೆಯೇ ಹತ್ತದ, ದೋಷವಿರುವ ಕೋಶಗಳ ಗುಂಪಿಗೆ ಕೆಲವೇ ಕೆಲವು ಸರಿಯಾದ ಕೋಶಗಳನ್ನು ಸೇರಿಸಿದರು. ಅವು ಮುಂಚೂಣಿಗೆ ಬಂದವು. ಮಿಕ್ಕವು ಅವುಗಳಿಗೆ ಅಂಟಿಕೊಂಡೇ ಸಾಗಿದವು.

ಗಾಯ ಮಾಯುವಾಗ ನಮ್ಮ ಚರ್ಮದ ಕೋಶಗಳೂ ಹೀಗೆ ಅಂಟಿಕೊಂಡೇ ಸರಿಯುತ್ತವೆ. ಅದು ಒಳ್ಳೆಯ ಸುದ್ದಿ. ಕ್ಯಾನ್ಸರ್ ಕೋಶಗಳೂ ಗುಂಪಾಗಿ ಹೊರಡಬಲ್ಲವು ಎನ್ನುವುದು ಕೆಟ್ಟ ಸುದ್ದಿ. ರಕ್ತದಲ್ಲಿ ಇಂಥ ಗೊಂಚಲುಗಳು ಅಪರೂಪ. ಆದರೆ 2014ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಸ್ತನ ಕ್ಯಾನ್ಸರಿನ ಒಂಟಿ ಕೋಶಕ್ಕಿಂತ ಗೊಂಚಲಿಗೆ ಬೇರೆಡೆ ಬೇರೂರುವ ಶಕ್ತಿ 23ರಿಂದ 50 ಪಟ್ಟು ಜಾಸ್ತಿ ಅಂತ ಕಂಡುಬಂತು.

ಹಾಗಾದರೆ ಗೊಂಚಲನ್ನು ಬಿಡಿಸಿದರೆ? ಹೃದಯಕ್ಕೆ ಕೊಡುವ ಹಳೆಯ ಔಷಧಿ ಡಿಗಾಕ್ಸಿನ್‌ನಿಂದ ಸ್ವಿಟ್ಜರ್ಲೆಂಡಿನ ಸಂಶೋಧಕರು ಇದನ್ನು ಪ್ರಯತ್ನಿಸಿದ್ದಾರೆ. 2025ರಲ್ಲಿ ಫಲಿತಾಂಶ ಬಂತು. ಒಂಬತ್ತು ರೋಗಿಗಳಲ್ಲಿ ಗೊಂಚಲಿನ ಗಾತ್ರ ಸರಾಸರಿ ಎರಡು ಕೋಶದಷ್ಟು ಕುಗ್ಗಿತ್ತು. ರೋಗ ಹರಡುವುದು ಇದರಿಂದ ನಿಲ್ಲುತ್ತದೆಯೇ ಅಂತ ತಿಳಿಯಲು ಇನ್ನೂ ದೊಡ್ಡ ಪರೀಕ್ಷೆಗಳು ಆಗಬೇಕು. ಡಿಗಾಕ್ಸಿನ್ ಪ್ರಮಾಣ ಸ್ವಲ್ಪ ತಪ್ಪಿದರೂ ಅಪಾಯ, ರೇಡಿಯೋದಲ್ಲಿ ಕೇಳಿದೆವು ಅಂತ ಯಾರೂ ತಾವಾಗಿ ತೆಗೆದುಕೊಳ್ಳಬೇಡಿ.

ನಮಸ್ಕಾರ.