ಗಾಡಿ ಹತ್ತುವ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ಆರೂವರೆ ಹೊತ್ತಿಗೆ ಬೆಂಗಳೂರಿನ ಯಾವುದಾದರೂ ದೊಡ್ಡ ಸಿಗ್ನಲ್ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಕೆಂಪು ದೀಪ ಬಿದ್ದಿರುತ್ತದೆ. ಎಡಗಡೆಯ ಸಾಲಿನಲ್ಲಿ ಬಸ್ಸು, ಆಟೊ, ಕಾರು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಹಿಂದಿನಿಂದ ಬಂದ ಸ್ಕೂಟರು ಒಂದು ಕ್ಷಣ ತಡೆಯುತ್ತದೆ, ಎಡಕ್ಕೆ ವಾಲುತ್ತದೆ, ಯಾವುದೋ ಗೇಟಿನ ಮುಂದಿನ ಇಳಿಜಾರು ಹಿಡಿದು ಫುಟ್‌ಪಾತ್ ಏರುತ್ತದೆ. ಅದರ ಬೆನ್ನಿಗೇ ಇನ್ನೊಂದು. ಮೂರನೆಯದು ಹಾರನ್ ಹೊಡೆಯುತ್ತದೆ. ಕೈಯಲ್ಲಿ ತರಕಾರಿ ಚೀಲ ಹಿಡಿದು ನಡೆಯುತ್ತಿರುವ ಅಜ್ಜಿ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾರೆ.

ಇವತ್ತಿನ ಮಾತು ಆ ಇಳಿಜಾರಿನ ಬಗ್ಗೆ. ಗಾಡಿ ಓಡಿಸುವವರ ಶಿಸ್ತಿನ ಮಾತನ್ನು ನಾವೆಲ್ಲ ಬೇಕಾದಷ್ಟು ಆಡಿದ್ದೇವೆ. ಆ ಗಾಡಿ ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು, ಅಲ್ಲೇ ಯಾಕೆ ಹತ್ತಿತು ಎಂದು ಕೇಳಿದವರು ಕಡಿಮೆ. ಒಂದು ರಸ್ತೆಯನ್ನು ಎರಡು ದಿನ ಗಮನಿಸಿದರೆ ಸಾಕು, ಗಾಡಿಗಳು ದಿನವೂ ಅದೇ ಒಂದೆರಡು ಜಾಗದಲ್ಲಿ ಹತ್ತಿ ಅದೇ ಒಂದೆರಡು ಜಾಗದಲ್ಲಿ ಇಳಿಯುವುದು ಕಾಣುತ್ತದೆ. ಸರಿಪಡಿಸುವ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಮೊದಲು ಕಾನೂನು ಏನು ಹೇಳುತ್ತದೆ ಎಂದು ಬೇಗ ಮುಗಿಸಿಬಿಡೋಣ. ಮೋಟಾರು ವಾಹನಗಳ ಚಾಲನೆಗೆ 2017ರಲ್ಲಿ ಬಂದ ಕೇಂದ್ರದ ನಿಯಮಾವಳಿಯ ಪ್ರಕಾರ, ಫುಟ್‌ಪಾತ್ ಅಥವಾ ಸೈಕಲ್ ಪಥ ಇರುವ ಕಡೆ ಗಾಡಿಯನ್ನು ಅದರ ಮೇಲೆ ಓಡಿಸುವಂತಿಲ್ಲ. ಸಮವಸ್ತ್ರದಲ್ಲಿರುವ ಪೊಲೀಸರು ಹಾಗೆ ಹೋಗಲು ಸೂಚಿಸಿದರೆ, ಇಲ್ಲವೇ ಅನುಮತಿಯ ಫಲಕ ಇದ್ದರೆ ಮಾತ್ರ ವಿನಾಯಿತಿ. ಅಲ್ಲಿ ಗಾಡಿ ನಿಲ್ಲಿಸುವುದೂ ತಪ್ಪೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 177ಎ ಕಲಮಿನಲ್ಲಿ ಇದಕ್ಕೆ 500ರಿಂದ 1000 ರೂಪಾಯಿ ದಂಡ ಇದೆ. ಜನರ ಜೀವಕ್ಕೆ ಅಪಾಯವಾಗುವ ಹಾಗೆ ಓಡಿಸಿದರೆ 184ನೇ ಕಲಮು ಅನ್ವಯಿಸುತ್ತದೆ. ಅದರಲ್ಲಿ ಮೊದಲ ಸಲದ ತಪ್ಪಿಗೇ 1000ದಿಂದ 5000 ರೂಪಾಯಿ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದ ಸೆರೆವಾಸ, ಅಥವಾ ಎರಡೂ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಡೆತಡೆಯಿಲ್ಲದ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯಲ್ಲಿರುವ ಬದುಕುವ ಹಕ್ಕಿನ ಭಾಗ ಎಂದಿತು. ಅಂಗವಿಕಲರಿಗೂ ಅದು ಬಳಸಲು ಬರುವಂತಿರಬೇಕು ಎಂದೂ ಹೇಳಿತು. ಹೀಗೆ ಕಾನೂನಿನಲ್ಲಿ ಕೊರತೆ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಸುಮಾರು ಐವರಲ್ಲಿ ಒಬ್ಬರು. ಇವರೆಲ್ಲ ಫುಟ್‌ಪಾತಿನ ಮೇಲೆಯೇ ಸತ್ತವರಲ್ಲ. ಆದರೆ ಫುಟ್‌ಪಾತನ್ನು ಗಾಡಿಗೆ ಬಿಟ್ಟುಕೊಟ್ಟಾಗ ನಡೆಯುವವರು ಇಳಿಯುವುದು ರಸ್ತೆಗೇ ಎನ್ನುವುದನ್ನು ಮರೆಯಬಾರದು.

"ನಿಧಾನವಾಗಿ ಹೋಗ್ತೀನಿ ಸಾರ್, ಯಾರಿಗೂ ತೊಂದರೆ ಕೊಡಲ್ಲ" ಎನ್ನುವವರಿದ್ದಾರೆ. ಅವರು ಮನಸ್ಸಿನಿಂದಲೇ ಹಾಗೆ ಹೇಳುತ್ತಿರಬಹುದು. ಲೆಕ್ಕ ಬೇರೆ ಹೇಳುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿರುವ ಸ್ಕೂಟರು ಒಂದು ಸೆಕೆಂಡಿಗೆ 4 ಮೀಟರಿಗಿಂತ ಹೆಚ್ಚು ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಆಮೇಲೆ ನಿಲ್ಲುವುದಕ್ಕೆ ಇನ್ನೂ ಒಂದೂವರೆ, ಎರಡು ಮೀಟರ್ ಬೇಕು. ಒಟ್ಟು 6 ಮೀಟರ್. ನಮ್ಮ ಫುಟ್‌ಪಾತ್ ಕಾಂಪೌಂಡ್ ಗೋಡೆಗೆ, ಅಂಗಡಿ ಬಾಗಿಲಿಗೆ ಅಂಟಿಕೊಂಡೇ ಇರುತ್ತದೆ. ಗೇಟು ತೆಗೆದು ಓಡಿಬರುವ ಮಗು, ಔಷಧಿ ಅಂಗಡಿಯ ಮೆಟ್ಟಿಲಿಳಿಯುವ ಹಿರಿಯರು ಒಂದೇ ಹೆಜ್ಜೆಯಲ್ಲಿ ಗಾಡಿಯ ಎದುರಿಗೆ ಬಂದುಬಿಡುತ್ತಾರೆ. ರಸ್ತೆಯಲ್ಲಾದರೆ ನೋಡಲು ದೂರ ಇರುತ್ತದೆ. ಇಲ್ಲಿ ಅದೇ ಇಲ್ಲ. ಸವಾರನೂ ಸೇರಿ 170–180 ಕಿಲೋ ತೂಗುವ ಸ್ಕೂಟರು ಗಂಟೆಗೆ 20 ಕಿಲೋಮೀಟರಿನಲ್ಲಿದ್ದರೆ, ಅದರ ಓಟದ ಶಕ್ತಿ ಎದುರು ನಡೆದು ಬರುವ ಮನುಷ್ಯನದಕ್ಕಿಂತ ಸುಮಾರು 50 ಪಟ್ಟು. 15ರ ವೇಗದ ಸೈಕಲ್ಲಿನದು ಹದಿಮೂರು ಪಟ್ಟಿನ ಆಸುಪಾಸು. ಎಪ್ಪತ್ತು ದಾಟಿದವರಿಗೆ ಡಿಕ್ಕಿಯೇ ಆಗಬೇಕೆಂದಿಲ್ಲ, ಗಾಬರಿಯಲ್ಲಿ ಹಿಂದೆ ಸರಿದು ಬಿದ್ದರೂ ಸೊಂಟದ ಮೂಳೆ ಮುರಿಯಬಹುದು.

ಇನ್ನು ಕೆಳಗಿನ ಕಲ್ಲಿನ ಗತಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಫುಟ್‌ಪಾತ್ ಎಂದರೆ ಬಹುಪಾಲು ಮೋರಿಯ ಮೇಲೆ ಅಡ್ಡ ಹಾಸಿದ ಚಪ್ಪಡಿ ಕಲ್ಲು. ಚಪ್ಪಡಿ ಎರಡು ಅಂಚುಗಳ ಮೇಲೆ ಮಾತ್ರ ಕೂತಿರುತ್ತದೆ, ನಡುವೆ ಆಸರೆ ಇಲ್ಲ. ನಡೆಯುವವರ ಭಾರವನ್ನು ಅದು ವರ್ಷಗಟ್ಟಲೆ ತಾಳುತ್ತದೆ. ಗಾಡಿಯ ಚಕ್ರ ಓಡಾಡಿದರೆ ಮೊದಲು ಅಂಚಿನ ಗಾರೆ ಉದುರಿ ಕಲ್ಲು ಅಲುಗಾಡುತ್ತದೆ. ಆಮೇಲೆ ಒಂದು ದಿನ ಕಾರು ಹತ್ತಿದಾಗ ನಡುವೆ ಬಿರುಕು. ಮಳೆಗಾಲದಲ್ಲಿ ಆ ಬಿರುಕೇ ಬಾಯಿ ತೆರೆದ ಗುಂಡಿ. ಇಂಟರ್‌ಲಾಕ್ ಬಿಲ್ಲೆಗಳ ಕಥೆಯೂ ಹೆಚ್ಚು ಬೇರೆಯಲ್ಲ. ಗಾಡಿ ಬಾರದ ಜಾಗಕ್ಕೆ 50 ಮಿಲಿಮೀಟರ್, ಹಗುರ ಓಡಾಟಕ್ಕೆ 60, ಮಧ್ಯಮ ವಾಹನ ಸಂಚಾರಕ್ಕೆ 80 ಮಿಲಿಮೀಟರ್ ದಪ್ಪದ ಬಿಲ್ಲೆ ಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಫುಟ್‌ಪಾತಿಗೆ 60ರದ್ದು ಹಾಕಿ, ಅದರ ಮೇಲೆ ರಾತ್ರಿಯೆಲ್ಲ ಕಾರು ನಿಲ್ಲಿಸಿದರೆ ಬಿಲ್ಲೆಯ ಕೆಳಗಿನ ಮರಳು ಚಕ್ರದ ಜಾಡಿನಿಂದ ಪಕ್ಕಕ್ಕೆ ಸರಿಯುತ್ತದೆ. ಸಂದಿಯ ಮರಳು ಹೋಗುತ್ತದೆ, ನೀರು ಇಳಿಯುತ್ತದೆ, ಒಂದು ಬಿಲ್ಲೆ ಕುಸಿದರೆ ಪಕ್ಕದ ನಾಲ್ಕು ಸಡಿಲ. ದೃಷ್ಟಿ ಇಲ್ಲದವರಿಗಾಗಿ ಹಾಕಿದ ಹಳದಿ ಗೆರೆಯ ಬಿಲ್ಲೆಗಳೂ ಇದರಲ್ಲೇ ಒಡೆಯುತ್ತವೆ. ಒಡೆಯದಿದ್ದರೂ ಅವುಗಳ ಮೇಲೆ ಬೈಕು ನಿಂತಿದ್ದರೆ, ಬಿಳಿ ಕೋಲು ಹಿಡಿದವರನ್ನು ಆ ಗೆರೆ ನೇರ ಸೈಲೆನ್ಸರಿನ ಹತ್ತಿರ ಕರೆದೊಯ್ಯುತ್ತದೆ. ಬಿಸಿ ಸೈಲೆನ್ಸರು ಕಾಲಿಗೆ ತಗುಲಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ಹತ್ತುವ ಜಾಗಕ್ಕೆ ಬರೋಣ.

ಒಂದು ಜಾಗ ಸಿಗ್ನಲ್ಲಿನ ಹಿಂದಿನ ಐವತ್ತು, ನೂರು ಮೀಟರ್. ಅಲ್ಲಿ ಗಾಡಿ ಹತ್ತುವುದು ಸಾಲು ತಪ್ಪಿಸುವುದಕ್ಕೆ. ಇನ್ನೊಂದು, ಮಧ್ಯದಲ್ಲಿ ಉದ್ದಕ್ಕೂ ವಿಭಜಕ ಇರುವ ರಸ್ತೆ. ಯೂ ಟರ್ನ್ ಒಂದು ಕಿಲೋಮೀಟರ್ ದೂರ ಇದ್ದರೆ, ಇನ್ನೂರು ಮೀಟರ್ ಹಿಂದಿರುವ ಮನೆಗೆ ಹೋಗುವವರು ಎದುರು ದಿಕ್ಕಿನಲ್ಲಿ ಫುಟ್‌ಪಾತ್ ಹಿಡಿಯುತ್ತಾರೆ. ಇದು ಹೆಚ್ಚು ಅಪಾಯದ್ದು. ಗೇಟಿನಿಂದ ಕಾರು ಹೊರಗೆ ತರುವವರು ಬಲಗಡೆಯ ಗಾಡಿಗಳನ್ನಷ್ಟೇ ನೋಡುತ್ತಾರೆ, ಎಡದಿಂದ ಸ್ಕೂಟರು ಬರುತ್ತದೆಂದು ಯಾರೂ ಎಣಿಸುವುದಿಲ್ಲ. ಮೂರನೆಯದು ಅಂಗಡಿ ಮುಂಗಟ್ಟು: ಗಾಡಿ ನಿಲ್ಲಿಸಲು ಹತ್ತುತ್ತದೆ, ಮೂವತ್ತು ಮೀಟರ್ ಮೇಲೇ ಸಾಗುತ್ತದೆ, ಇನ್ನೊಂದು ಗೇಟಿನಲ್ಲಿ ಇಳಿಯುತ್ತದೆ. ಮೂರಕ್ಕೂ ಮದ್ದು ಒಂದೇ ಅಲ್ಲ. ದೂರದ ಯೂ ಟರ್ನ್ ಇರುವ ಕಡೆ ಎಷ್ಟು ಗೂಟ ನೆಟ್ಟರೂ ಜನ ಕಿತ್ತು ಹಾಕುತ್ತಾರೆ; ಅಲ್ಲಿ ಸಂಚಾರ ಪೊಲೀಸರೂ ಪಾಲಿಕೆಯ ಎಂಜಿನಿಯರೂ ಕೂತು ವಿಭಜಕದಲ್ಲಿ ತಿರುವು ಎಲ್ಲಿ ಕೊಡಬಹುದು ಎಂದು ನೋಡಬೇಕು.

ಗೂಟ ಎಂದೆ. ಇದರಲ್ಲೇ ನಮ್ಮ ಊರುಗಳು ಹೆಚ್ಚು ಎಡವುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫುಟ್‌ಪಾತಿನ ಬಾಯಿಗೆ ಕಬ್ಬಿಣದ ಇಲ್ಲವೇ ಕಾಂಕ್ರೀಟಿನ ಗೂಟ ನೆಡುತ್ತಾರೆ, ಬೊಲಾರ್ಡ್ ಎನ್ನುತ್ತಾರೆ ಅದಕ್ಕೆ. ಆಟೊದ ಅಗಲ ಸುಮಾರು 1.3 ಮೀಟರ್, ಸಣ್ಣ ಕಾರಿನದು ಒಂದೂವರೆ. ಎರಡು ಗೂಟಗಳ ನಡುವೆ 1.2 ಮೀಟರಿಗಿಂತ ಹೆಚ್ಚು ಬಿಡದಿದ್ದರೆ ಅವು ನುಗ್ಗಲಾರವು. ಸ್ಕೂಟರಿನ ಹ್ಯಾಂಡಲ್ ಅಗಲ 70 ಸೆಂಟಿಮೀಟರಿನ ಆಸುಪಾಸು. ಗಾಲಿಕುರ್ಚಿಯ ಅಗಲವೂ ಹೆಚ್ಚುಕಡಿಮೆ ಅಷ್ಟೇ, ಚಕ್ರ ತಳ್ಳುವ ಕೈಗಳಿಗೂ ಸೇರಿಸಿ ಅದಕ್ಕೆ 90 ಸೆಂಟಿಮೀಟರ್ ದಾರಿ ಬೇಕು. ಗಾಲಿಕುರ್ಚಿ ಹೋಗುವ ಸಂದಿಯಲ್ಲಿ ಸ್ಕೂಟರು ಹೋಗಿಯೇ ಹೋಗುತ್ತದೆ. ಸ್ಕೂಟರನ್ನು ಪೂರ್ತಿ ತಡೆಯಲು ಗೂಟಗಳನ್ನು ಅರ್ಧ ಮೀಟರಿಗೆ ಒಂದರಂತೆ ಒತ್ತಾಗಿ ನೆಟ್ಟರೆ, ಅಥವಾ ಪೈಪಿನ ಅಂಕುಡೊಂಕು ತಡೆ ಕಟ್ಟಿದರೆ, ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವ ತಾಯಂದಿರು ರಸ್ತೆಗೆ ಇಳಿಯಬೇಕಾಗುತ್ತದೆ. ಗಾಲಿಕುರ್ಚಿ ಪೂರ್ತಿ ತಿರುಗಲು 1.5 ಮೀಟರ್ ವ್ಯಾಸದ ಜಾಗ ಬೇಕು, ಅಂಕುಡೊಂಕು ತಡೆಗಳಲ್ಲಿ ಅಷ್ಟು ಬಿಡುವುದೇ ಇಲ್ಲ. ಯಾರಿಗಾಗಿ ಫುಟ್‌ಪಾತ್ ಕಾಪಾಡುತ್ತೇವೋ ಅವರನ್ನೇ ಹೊರಗೆ ಹಾಕುವ ತಡೆಯನ್ನು ನಾನಂತೂ ಒಪ್ಪಲಾರೆ.

ಹಾಗಾದರೆ ಗೂಟ ವ್ಯರ್ಥವೇ? ಖಂಡಿತ ಅಲ್ಲ. 90 ಸೆಂಟಿಮೀಟರಿನಿಂದ 1 ಮೀಟರ್ ಸಂದಿಯಲ್ಲಿ ಸ್ಕೂಟರು ಹೋಗಬೇಕಾದರೆ ನಡಿಗೆಯ ವೇಗಕ್ಕೆ ಇಳಿಯಲೇಬೇಕು. ಫುಟ್‌ಪಾತಿನ ಎರಡು ತುದಿಗೆ ಮಾತ್ರ ಗೂಟ ನೆಟ್ಟರೆ ಅದು ಎರಡೇ ಸಲ ನಿಧಾನಿಸುತ್ತದೆ. ಪ್ರತಿ ಗೇಟಿನ ಎರಡೂ ಬದಿಗೆ ಅಡ್ಡಸಾಲಿನಲ್ಲಿ ನೆಟ್ಟರೆ ಪ್ರತಿ ಹದಿನೈದು, ಇಪ್ಪತ್ತು ಮೀಟರಿಗೂ ನಿಧಾನಿಸಬೇಕು. ಆಗ ಮೇಲೆ ಹತ್ತಿದ್ದರಿಂದ ಸಮಯ ಉಳಿಯುವುದಿಲ್ಲ. ಲಾಭ ಇಲ್ಲದ ದಾರಿಯನ್ನು ಜನ ತಾವಾಗಿಯೇ ಬಿಡುತ್ತಾರೆ. ನೆಡುವ ಕ್ರಮವೂ ಮುಖ್ಯ. ನೆಲದಿಂದ ಮೇಲೆ 75 ಸೆಂಟಿಮೀಟರಿನಿಂದ 1 ಮೀಟರ್ ಎತ್ತರ, ನೆಲದೊಳಗೆ ಕನಿಷ್ಠ 45 ಸೆಂಟಿಮೀಟರ್ ಆಳ, ಸುತ್ತ ಕಾಂಕ್ರೀಟ್. ಚಪ್ಪಡಿ ಕಲ್ಲಿಗೆ ಬೋಲ್ಟ್ ಹಾಕಿ ಕೂರಿಸಿದ ಗೂಟ ಮೊದಲನೇ ಕಾರಿನ ಗುದ್ದಿಗೇ ಕಲ್ಲಿನ ಸಮೇತ ಏಳುತ್ತದೆ. ಮೋರಿಯ ಮೇಲಾದರೆ ಮೋರಿಗೋಡೆಯ ಹೊರಬದಿಗೆ ನೆಡಬೇಕು. ರಾತ್ರಿ ಕಾಣಲು ಮೇಲ್ತುದಿಗೆ ಹೊಳೆಯುವ ಪಟ್ಟಿ. ಹಳದಿ ಬಿಲ್ಲೆಯ ಸಾಲಿನ ನೇರಕ್ಕೆ ಗೂಟ ಬರಲೇಬಾರದು.

ಇದಕ್ಕಿಂತ ದೊಡ್ಡ ವಿಷಯ ಗೇಟಿನ ಮುಂದಿನ ಇಳಿಜಾರು. ಮನೆ ಕಟ್ಟುವವರು ಕಾರು ಒಳಗೆ ಹೋಗಲೆಂದು ಫುಟ್‌ಪಾತನ್ನೇ ರಸ್ತೆಯ ಮಟ್ಟಕ್ಕೆ ಕತ್ತರಿಸುತ್ತಾರೆ, ಇಲ್ಲವೇ ಪೂರ್ತಿ ಅಗಲಕ್ಕೆ ಓರೆಯಾಗಿ ಕಾಂಕ್ರೀಟ್ ಸುರಿಯುತ್ತಾರೆ. ನಡೆಯುವವರಿಗೆ ಪ್ರತಿ ಮನೆಯ ಮುಂದೂ ಹತ್ತಿಳಿಯುವ ಕೆಲಸ, ಗಾಡಿಗಳಿಗೆ ಪ್ರತಿ ಮನೆಯ ಮುಂದೂ ಹೆಬ್ಬಾಗಿಲು. ಸರಿಯಾದ ಕ್ರಮ ಬೇರೆ ಇದೆ. ರಸ್ತೆ ಕಟ್ಟುವ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಕೈಪಿಡಿಯ ಪ್ರಕಾರ ವಸತಿ ಬೀದಿಯಲ್ಲಿ 1.8 ಮೀಟರ್, ವಾಣಿಜ್ಯ ಬೀದಿಯಲ್ಲಿ 2.5 ಮೀಟರ್ ಅಗಲದ ನಡೆದಾರಿ ಅಡ್ಡಿಯಿಲ್ಲದೆ ಸಿಗಬೇಕು. ಅಂಚುಕಲ್ಲು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು. ನಡೆದಾರಿಗೂ ರಸ್ತೆಗೂ ನಡುವೆ ಮರ, ದೀಪದ ಕಂಬ, ಟ್ರಾನ್ಸ್‌ಫಾರ್ಮರ್ ನಿಲ್ಲುವ ಪಟ್ಟಿ ಇರುತ್ತದೆ. ಕಾರಿಗೆ ಬೇಕಾದ ಇಳಿಜಾರನ್ನು ಆ ಪಟ್ಟಿಯೊಳಗೇ ಮುಗಿಸಬೇಕು, ಅದೂ ಗೇಟಿನಷ್ಟೇ ಅಗಲಕ್ಕೆ. 15 ಸೆಂಟಿಮೀಟರ್ ಎತ್ತರವನ್ನು ಕಾರು ಅರವತ್ತು ಸೆಂಟಿಮೀಟರ್ ಉದ್ದದಲ್ಲೂ ಮೆಲ್ಲಗೆ ಹತ್ತಬಲ್ಲದು. ನಡೆದಾರಿ ಮಾತ್ರ ಗೇಟಿನ ಮುಂದೆಯೂ ಅದೇ ಎತ್ತರದಲ್ಲಿ, ಅದೇ ಬಿಲ್ಲೆಯಲ್ಲಿ ಮುಂದುವರಿಯಬೇಕು. ಆ ಭಾಗಕ್ಕೆ 80 ಮಿಲಿಮೀಟರಿನ ಬಿಲ್ಲೆ ಹಾಕಿದರೆ ಕಾರಿನ ಭಾರಕ್ಕೂ ಕುಸಿಯುವುದಿಲ್ಲ. ಮಟ್ಟ ಹೀಗೆ ಮುಂದುವರಿದರೆ, ದಾಟುತ್ತಿರುವುದು ನಡೆಯುವವರ ಜಾಗವನ್ನು ಎಂದು ಕಾರಿನವರಿಗೂ ತಿಳಿಯುತ್ತದೆ. ಗಾಲಿಕುರ್ಚಿಯ ಇಳಿಜಾರು ಬೇರೆಯೇ. ಅದು ರಸ್ತೆ ದಾಟುವ ಜಾಗದಲ್ಲಿರಬೇಕು, 1:12ರ ಓರೆಯಲ್ಲಿ. ಅಂದರೆ 15 ಸೆಂಟಿಮೀಟರ್ ಎತ್ತರಕ್ಕೆ 1.8 ಮೀಟರ್ ಉದ್ದ.

ಅಂಚುಕಲ್ಲನ್ನು ಒಂದಡಿ, ಒಂದೂವರೆ ಅಡಿ ಎತ್ತರಿಸಿದರೆ ಗಾಡಿ ಹತ್ತುವುದಿಲ್ಲ ಎಂದು ಹಲವು ಕಡೆ ಹಾಗೇ ಮಾಡಿದ್ದಾರೆ. ಅಲ್ಲಿ ನಡೆದದ್ದು ತಿರುಗುಮುರುಗು. ಮಂಡಿ ನೋವಿನವರು ಹತ್ತಲಾಗದೆ ರಸ್ತೆಯಲ್ಲೇ ನಡೆದರು, ಅಂಗಡಿಯವರು ಕಾಂಕ್ರೀಟ್ ಸುರಿದು ತಮ್ಮದೇ ಇಳಿಜಾರು ಮಾಡಿಕೊಂಡರು, ಸ್ಕೂಟರು ಅದರ ಮೇಲೆ ಹತ್ತಿತು. ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಯೋಜನೆಯಲ್ಲಿ ಮರುರೂಪಿಸಿದ ಕೆಲವು ರಸ್ತೆಗಳು, ಉದಾಹರಣೆಗೆ ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಅಗಲವಾದ ಸಮತಟ್ಟು ನಡೆದಾರಿ ನಮ್ಮಲ್ಲೂ ಸಾಧ್ಯ ಎಂದು ತೋರಿಸಿವೆ. ಅಗಲ ಹೆಚ್ಚಿದ ಕಡೆ ಗಾಡಿಗಳಿಗೂ ಆಸೆ ಹೆಚ್ಚು. ಅದಕ್ಕೇ ಅಗಲ ಮಾಡುವಾಗಲೇ ಗೇಟು ಮತ್ತು ತಿರುವುಗಳ ಗೂಟದ ನಕ್ಷೆಯೂ ಅದೇ ಟೆಂಡರಿನಲ್ಲಿ ಬರಬೇಕು.

ಸೈಕಲ್ಲಿನವರ ಮಾತು ಪ್ರತ್ಯೇಕ. ಅವರು ಫುಟ್‌ಪಾತ್ ಹತ್ತುವುದು ಬಹುಮಟ್ಟಿಗೆ ಹೆದರಿಕೆಯಿಂದ. ಒಂದು ಕಡೆ ಬಸ್ಸು, ಇನ್ನೊಂದು ಕಡೆ ಲಾರಿ, ನಡುವೆ ಶಾಲೆಗೆ ಹೋಗುವ ಹುಡುಗಿ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ಪಥ ಗುರುತಿಸಿದಾಗ ಈ ಹೆದರಿಕೆಗೆ ಉತ್ತರ ಸಿಕ್ಕಂತಿತ್ತು; ಪ್ಲಾಸ್ಟಿಕ್ ಗೂಟ ಮುರಿದ ಕಡೆಯೆಲ್ಲ ಬೈಕು ನುಗ್ಗಿದವು. ಒಂದು ದಿಕ್ಕಿನ ಸೈಕಲ್ ಪಥಕ್ಕೆ ಎರಡು ಮೀಟರ್ ಅಗಲವೂ ಗಟ್ಟಿ ಅಂಚುಕಲ್ಲೂ ಬೇಕು, ಬಣ್ಣದ ಗೆರೆ ಸಾಲದು. ಅದು ಆಗುವವರೆಗೆ ಸೈಕಲ್ಲಿನವರಿಗೆ ನನ್ನ ಕೋರಿಕೆ ಇಷ್ಟು: ರಸ್ತೆ ಹೆದರಿಸಿದಾಗ ಫುಟ್‌ಪಾತಿಗೆ ಬನ್ನಿ, ಆದರೆ ಇಳಿದು ತಳ್ಳಿಕೊಂಡು ಬನ್ನಿ. ಸೈಕಲ್ಲು ರಸ್ತೆಯ ಬದಿಗಿರಲಿ, ನೀವು ಗೋಡೆಯ ಬದಿಗಿರಿ. ಆಗ ಪೆಡಲು ಯಾರ ಕಾಲಿಗೂ ತಾಗುವುದಿಲ್ಲ. ಪುಟ್ಟ ಚಕ್ರದ ಸೈಕಲ್ಲಿನ ಐದಾರು ವರ್ಷದ ಮಗು ದೊಡ್ಡವರ ಜೊತೆ ನಡಿಗೆಯ ವೇಗದಲ್ಲಿ ಫುಟ್‌ಪಾತಿನಲ್ಲೇ ಹೋಗಲಿ, ಅದನ್ನು ಗದರಬಾರದು. ಬೆಲ್ ಹೊಡೆದರೆ ಸಾಕು ಎಂದುಕೊಳ್ಳಬೇಡಿ, ಕಿವಿ ಮಂದ ಇರುವವರು ಮುಂದಿರಬಹುದು.

ನಿಮ್ಮ ಬೀದಿಯಲ್ಲಿ ಇದನ್ನು ಬದಲಿಸಬೇಕೆಂದಿದ್ದರೆ ದೂರು ಬರೆಯುವ ರೀತಿ ಹೀಗಿರಲಿ. ಗಾಡಿಗೆ ಅಡ್ಡ ನಿಂತು ಜಗಳ ಮಾಡಬೇಡಿ. ಅದು ಮುಂದೆ ಹೋದ ಮೇಲೆ ಹಿಂದಿನಿಂದ ಫೋಟೊ ತೆಗೆಯಿರಿ. ನಂಬರ್ ಪ್ಲೇಟು, ಅಂಚುಕಲ್ಲು, ಯಾವುದಾದರೂ ಅಂಗಡಿಯ ಬೋರ್ಡು ಮೂರೂ ಒಂದೇ ಚಿತ್ರದಲ್ಲಿ ಬರಬೇಕು. ಅಂಚುಕಲ್ಲು ಕಾಣದಿದ್ದರೆ ಗಾಡಿ ರಸ್ತೆಯಲ್ಲೇ ಇತ್ತು ಎನ್ನಬಹುದು. ದಿನ, ಗಂಟೆ ಬರೆದು ಸಂಚಾರ ಪೊಲೀಸರಿಗೆ ಕಳಿಸಿ. ಪಾಲಿಕೆಗೆ ಕಳಿಸುವ ಅರ್ಜಿ ಬೇರೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳಿವೆ, ನಿಮ್ಮ ಬೀದಿ ಯಾವುದಕ್ಕೆ ಸೇರಿದ್ದೆಂದು ಮೊದಲು ತಿಳಿದುಕೊಳ್ಳಿ. "ಫುಟ್‌ಪಾತ್ ಸರಿಯಿಲ್ಲ" ಎಂದು ಬರೆದರೆ ಕಾಗದ ಫೈಲಿನಲ್ಲೇ ಮಲಗುತ್ತದೆ. ಒಂದು ಅಳತೆ ಟೇಪು ತೆಗೆದುಕೊಂಡು ಇಬ್ಬರು ಹೊರಡಿ. ಗಾಡಿ ಹತ್ತುವ ಗೇಟು ಯಾವುದು, ಅಲ್ಲಿನ ಇಳಿಜಾರು ಎಷ್ಟು ಅಗಲ, ಇಳಿಯುವ ಜಾಗ ಎಲ್ಲಿ, ಅಂಚುಕಲ್ಲಿನ ಎತ್ತರ ಎಷ್ಟು, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಉಳಿದ ದಾರಿ ಎಷ್ಟು ಸೆಂಟಿಮೀಟರ್ ಎಂದು ಗುರುತು ಹಾಕಿಕೊಳ್ಳಿ. ಸಂಜೆ ಆರರಿಂದ ಏಳರವರೆಗೆ ಆ ಜಾಗದಲ್ಲಿ ಎಷ್ಟು ಗಾಡಿ ಹತ್ತಿದವು ಎಂದು ಎಣಿಸಿ, ಮೂರು ದಿನ. ಈ ಅಳತೆ ಮತ್ತು ಎಣಿಕೆ ಇರುವ ಒಂದು ಹಾಳೆ ಕೈಗೆ ಬಂದರೆ ವಾರ್ಡಿನ ಎಂಜಿನಿಯರು ಅಂದಾಜುಪಟ್ಟಿ ಹಾಕಬಲ್ಲರು, ಎಷ್ಟು ಗೂಟ, ಎಷ್ಟು ಮೀಟರ್ ಅಂಚುಕಲ್ಲು ಎಂದು. ಗೂಟ ನೆಟ್ಟ ಕೂಡಲೇ ಗಾಲಿಕುರ್ಚಿ ಬಳಸುವವರೊಬ್ಬರನ್ನು ಕರೆದು ಆ ಸಂದಿಗಳಲ್ಲಿ ಒಮ್ಮೆ ಹೋಗಿ ಬರಲು ಕೇಳಿ. ಅವರು ಸಿಕ್ಕಿಹಾಕಿಕೊಂಡರೆ ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ಗೂಟ ಸರಿಸಬಹುದು, ಆದ್ದರಿಂದ ಆ ಪರೀಕ್ಷೆಯನ್ನು ಗುಂಡಿ ತೋಡಿದ ದಿನವೇ, ಬರೀ ಕೋಲು ನಿಲ್ಲಿಸಿ ಮಾಡುವುದು ಇನ್ನೂ ಒಳ್ಳೆಯದು.

ನಮಸ್ಕಾರ.