ಮೊದಲು ಅಚ್ಚು ಕಾಯಿಸಿ, ಬೆಳ್ಳಿ ಆಮೇಲೆ

ನಮಸ್ಕಾರ, ತೀರ್ಥಹಳ್ಳಿಯಿಂದ. ಹೋದ ವಿಡಿಯೋಗೆ ಒಬ್ರು ಬರ್ದಿದಾರೆ: "ಬೆಳ್ಳಿ ಕರಗಿಸೋದು ತೋರ್ಸಿ ಅಂದ್ರೆ ಖಾಲಿ ಅಚ್ಚಿಗೆ ಟಾರ್ಚ್ ಹಿಡ್ಕೊಂಡು ಕೂತಿದೀರಲ್ಲ." ಹೌದು ಮಾರಾಯ್ರೆ, ಕರಗಿದ ಬೆಳ್ಳಿ ಸುರಿಯೋ ಅಚ್ಚಿಗೆ ಗ್ಯಾಸ್ ಟಾರ್ಚಿನ ಬೆಂಕಿ ಹಿಡ್ಕೊಂಡು ಕೂತಿದ್ದೆ. ಇವತ್ತೂ ಕೂರ್ತೀನಿ.

ಇದು ಮಲೆನಾಡು. ಆಷಾಢದಲ್ಲಿ ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗತ್ತೆ, ಬೀರುವಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿಯತ್ತೆ. ಗೂಡಲ್ಲಿಟ್ಟ ಕಬ್ಬಿಣದ ಅಚ್ಚೊಂದು ಒಣಗಿರತ್ತಾ? ಬೆಳ್ಳಿ ಕರಗೋದು 962 ಡಿಗ್ರಿಗೆ. ಅಚ್ಚಿನ ಮೂಲೇಲಿ ಒಂದು ಹನಿ ನೀರಿದ್ರೆ ಆವಿಯಾಗಿ ಸುಮಾರು 1700 ಪಟ್ಟು ಹಿಗ್ಗತ್ತೆ. ಮೇಲಿರೋ ಬೆಳ್ಳೀನ ಎತ್ತಿ ಮುಖಕ್ಕೆ ಎರಚತ್ತೆ.

ನಂಗೇ ಆಗಿದೆ. ಜಡಿಮಳೆ ದಿನ ಅಚ್ಚು ಮುಟ್ಟಿ ನೋಡ್ದೆ, ಒಣಗಿದೆ ಅನ್ನಿಸ್ತು, ಸುರಿದೆ. ಚಟ್ ಅಂತು. ಕಾಳುಮೆಣಸಿನಷ್ಟು ಬೆಳ್ಳಿ ಕನ್ನಡಕಕ್ಕೆ ಬಂದು ಅಂಟ್ತು. ನೋಡಿ, ಇದೇ ಕನ್ನಡಕ. ಈ ಗುಳಿ ಸರಿಯಾಗಿ ಕಣ್ಣಿನೆದುರಿಗೇ ಇದೆ.

"ನಮ್ಮಜ್ಜ ಇದೇನೂ ಮಾಡ್ತಿರ್ಲಿಲ್ಲ" ಅಂತೀರಿ. ಅಜ್ಜನ ಅಚ್ಚು ದಿನವಿಡೀ ಅಗ್ಗಿಷ್ಟಿಕೆ ಪಕ್ಕದಲ್ಲೇ ಇರ್ತಿತ್ತು ಸ್ವಾಮಿ! ಬಿಸಿ ಆರೋಕೇ ಬಿಡ್ತಿರ್ಲಿಲ್ಲ. ನೀವು ತಿಂಗಳಿಗೊಂದ್ಸಲ ಗೂಡಿಂದ ತೆಗೀತೀರಿ. "ಬಿಸಿಲಲ್ಲಿ ಇಟ್ಟಿದ್ದೆ" ಅಂತ ಇನ್ನೊಬ್ರು. ಯಾವ ಬಿಸಿಲು? ಜುಲೈ ತಿಂಗಳಲ್ಲಿ ಆಗುಂಬೆ ಕಡೆ ಬಿಸಿಲು ಕಂಡೋರು ಯಾರು?

ಟಾರ್ಚ್ ಹಿಡೀರಿ. ತಣ್ಣಗಿನ ಕಬ್ಬಿಣದ ಮೇಲೆ ಮೊದಲು ಮಂಜು ಕಟ್ಟತ್ತೆ, ಬೆವರಿದ ಹಾಗೆ. ಅದು ಅಂಚಿಗೆ ಸರಿದು ಮಾಯವಾಗತ್ತೆ. ಅಲ್ಲಿಗೆ ನಿಲ್ಲಿಸ್ಬೇಡಿ, ಪೂರ್ತಿ ಕಾಯೋ ತನಕ ಹಿಡೀರಿ. ಬೆಳ್ಳಿ ಕರಗಿಸೋ ಮೂಸೆನೂ ಹಾಗೇ, ಇಕ್ಕುಳದ ತುದೀನೂ ಹಾಗೇ. ಬೆಳ್ಳಿಗೂ ಮೊದಲು ಮೂಸೆಗೆ ಹಾಕೋ ಬಿಳಿಗಾರದೊಳಗೂ (ಬೋರಾಕ್ಸ್) ನೀರಿದೆ! ಬೆಂಕಿ ಕಂಡ ಕೂಡ್ಲೇ ಸಂಡಿಗೆ ಹಾಗೆ ಉಬ್ಬತ್ತೆ, ಆಮೇಲೆ ಕುಗ್ಗಿ ಗಾಜಿನ ಹಾಗೆ ಮೂಸೆಗೆ ಹಿಡ್ಕೊಳ್ಳತ್ತೆ. ಅದು ಕುಗ್ಗೋ ತನಕ ಬೆಳ್ಳಿ ಹಾಕ್ಬೇಡಿ.

ಹಿತ್ತಾಳೆ ಕರಗಿಸೋದು ಕೇಳ್ದೋರಿಗೆ ಒಂದೇ ಮಾತು: ಅದರೊಳಗಿನ ಸತು 907 ಡಿಗ್ರಿಗೆ ಕುದಿಯತ್ತೆ. ಆ ಬಿಳಿ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ. ಮನೇಲಿ ಬೇಡ.

"ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಕೊಂಡ್ರೆ ಆಯ್ತಲ್ಲ" ಅಂತಾನೂ ಬರ್ದಿದಾರೆ. ನೀರಾ? ಇಷ್ಟೊತ್ತು ನಾನು ಹೇಳ್ತಿದ್ದಿದ್ದೇನು? ಒಣ ಮರಳಿಡಿ! ಬಾಗಿಲು, ಕಿಟಕಿ ತೆಗೀರಿ, ಕಾಲಿಗೆ ಚರ್ಮದ ಬೂಟು ಹಾಕಿ, ಅಚ್ಚು ಕಾಯಿಸಿ. ಕಾಯಿಸಿ ಅಂದ್ರೆ ಕಾಯಿಸಿ!

ಇದು ಬೇಜಾರು ಅನ್ಸೋರು ಬೇರೆ ಚಾನೆಲ್ ನೋಡ್ಕೊಳ್ಳಿ. ಇರೋರು ಸಬ್‌ಸ್ಕ್ರೈಬ್ ಆಗಿ, ಮುಂದಿನ ವಾರ ಕಾಲ್ಗೆಜ್ಜೆ ಮಾಡೋದು ತೋರಿಸ್ತೀನಿ. ಈಗ ಟಾರ್ಚ್ ಹಚ್ತಿದೀನಿ. ಮಂಜು ಕಟ್ತಾ ಇದೆ ನೋಡಿ, ಇನ್ನೂ ಹೋಗಿಲ್ಲ.