ಚೌರಪ್ಪ ತಾತನ ಹೆಸರು, ಚಿನ್ನದ ಜರಿಪುಡಿಯಲ್ಲಿ

ನಮಸ್ಕಾರ. ವಿಡಿಯೋ ಶುರುವಿನಲ್ಲಿ ಕಾಣುತ್ತಿರುವುದು ನಮ್ಮ ಮೈಸೂರಿನ ಮನೆಯ ಊಟದ ಮೇಜು. ಹಳೇ ಪೇಪರ್ ಹಾಸಿದ್ದೇನೆ. ಅದರ ಮೇಲೆ ಎಂಟು ಪ್ಲಾಸ್ಟಿಕ್ ಗುಂಡು, ಎರಡು ಡಬ್ಬಿ ಗ್ಲಿಟರ್ (ಜರಿಪುಡಿ), ಒಂದು ಬ್ರಷ್ಷು, ಅಮ್ಮನ ಹಳೇ ಬಳೆಗಳು. ಬಳೆ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇವತ್ತು ಡಿಸೆಂಬರ್ 3. ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ನಮ್ಮ ತಾತನ ಹೆಸರು ಚೌರಪ್ಪ. ನಮ್ಮ ಕಡೆ ಹಳೇ ಕಾಲದ ಕ್ರೈಸ್ತರ ಮನೆಗಳಲ್ಲಿ ಝೇವಿಯರ್ ಅನ್ನುವ ಹೆಸರು ಬಾಯಿಂದ ಬಾಯಿಗೆ ಉರುಳಿ ಚೌರಪ್ಪ ಆಗಿದೆ. ಇಗ್ನೇಷಿಯಸ್ ಇನ್ನಾಸಪ್ಪ ಆದ ಹಾಗೆ. ಈಗ ನಮ್ಮಣ್ಣ ತನ್ನ ಮಗನಿಗೆ ಝೇವಿಯರ್ ಅಂತ ಇಟ್ಟಿದ್ದಾನೆ. ಅವನಿಗೆ ನಾಲ್ಕು ವರ್ಷ, ಬೆಂಗಳೂರಲ್ಲಿದ್ದಾನೆ. ಮುತ್ತಾತನ ಹೆಸರೂ ತನ್ನ ಹೆಸರೂ ಒಂದೇ ಅಂದರೆ ಅವನು ನಂಬುವುದಿಲ್ಲ. ಸರಿ, ಇಬ್ಬರ ಹೆಸರನ್ನೂ ಕನ್ನಡದಲ್ಲೇ ಬರೆದು ಮರಕ್ಕೆ ತೂಗುಹಾಕೋಣ, ಅಕ್ಕಪಕ್ಕದಲ್ಲಿ ನೋಡಲಿ ಅಂದುಕೊಂಡೆ. ಅಂಗಡಿಯಲ್ಲಿ ಸಿಗುವ ಗುಂಡುಗಳ ಮೇಲೆ ಬರೀ ಮೆರ್ರಿ ಕ್ರಿಸ್ಮಸ್ ಅಂತ ಇಂಗ್ಲಿಷಲ್ಲಿ ಇರುತ್ತೆ. ಚೌರಪ್ಪ ಅಂತ ಯಾರು ಮಾಡಿಕೊಡುತ್ತಾರೆ, ನೀವೇ ಹೇಳಿ.

ಈ ಗುಂಡುಗಳು ಸಂತೆಪೇಟೆಯವು. ಕ್ರಿಸ್ಮಸ್ ಸಾಮಾನಿನ ಅಂಗಡಿಯಲ್ಲಿ ಅಲ್ಲ, ಬರ್ತ್‌ಡೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ರಿಟರ್ನ್ ಗಿಫ್ಟ್‌ಗೆ ಚಾಕೊಲೇಟ್ ತುಂಬಿ ಕೊಡುತ್ತಾರಲ್ಲ, ಎರಡು ಹೋಳಾಗಿ ಬಿಚ್ಚಿಕೊಳ್ಳುವ ಪಾರದರ್ಶಕ ಗುಂಡು, ಅದೇ. ಮೇಲೆ ದಾರ ಪೋಣಿಸಲು ತೂತೂ ಇರುತ್ತೆ. ಗಾಜಿನದು ಇನ್ನೂ ಚೆನ್ನಾಗಿ ಕಾಣುತ್ತೆ ನಿಜ. ಆದರೆ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಮರ ಅಂದರೆ ಸರ್ವೆ ಕೊಂಬೆ. ಮಣ್ಣು ತುಂಬಿದ ಬಕೆಟ್ಟಿನಲ್ಲಿ ನೆಟ್ಟು ನಿಲ್ಲಿಸುತ್ತೇವೆ. ಸರ್ವೆ ಎಲೆ ನೋಡಿದ್ದೀರಲ್ಲ, ಕೂದಲಿನ ಹಾಗೆ. ಸ್ವಲ್ಪ ಭಾರ ಬಿದ್ದರೂ ತುದಿ ನೆಲ ಮುಟ್ಟುತ್ತೆ. ಅದಕ್ಕೇ ಪ್ಲಾಸ್ಟಿಕ್.

ಹೋದ ವರ್ಷ ನಾನು ಬೇರೆ ಥರದ ಗುಂಡು ತಂದಿದ್ದೆ. ಹೋಳಾಗುವುದಿಲ್ಲ, ಮೇಲೆ ಸಣ್ಣ ಬಾಯಿ, ಅದಕ್ಕೊಂದು ಲೋಹದ ಮುಚ್ಚಳ. ಇಂಟರ್‌ನೆಟ್‌ನಲ್ಲಿ ಎಲ್ಲರೂ ತೋರಿಸುವುದು ಅದನ್ನೇ. ಒಳಗೆ ಒಂದು ಚಮಚ ನೀರಿನ ವಾರ್ನಿಷ್ ಹಾಕಿ, ಗಿರಗಿರ ತಿರುಗಿಸಿ, ತಲೆಕೆಳಗಾಗಿಟ್ಟು ಹೆಚ್ಚಿನದನ್ನು ಸುರಿದು, ಆಮೇಲೆ ಗ್ಲಿಟರ್ ಹಾಕಿ ಮತ್ತೆ ತಿರುಗಿಸುವುದು. ಸುಲಭವಾದ ಕೆಲಸ. ನಾನು ವಾರ್ನಿಷ್ ಬದಲು ಮನೆಯಲ್ಲಿದ್ದ ಬಿಳಿ ಅಂಟಿಗೆ ನೀರು ಬೆರೆಸಿ ಹಾಕಿದೆ. ಅಂಟೇ ತಾನೇ, ಏನಾಗುತ್ತೆ? ಮೂರು ದಿನವಾದರೂ ಒಣಗಲಿಲ್ಲ. ಆ ಅಂಟು ಒಣಗಬೇಕಾದರೆ ಅದರಲ್ಲಿರುವ ನೀರು ಆರಿಹೋಗಬೇಕು. ಬೆರಳೂ ಹೋಗದ ಬಾಯಿಯಿಂದ ಎಲ್ಲಿಂದ ಆರುತ್ತೆ? ಗ್ಲಿಟರ್ ಎಲ್ಲ ನಿಧಾನಕ್ಕೆ ಜಾರಿ ತಳದಲ್ಲಿ ಕೂತಿತು. ಮೇಲೆ ಮಜ್ಜಿಗೆ, ಕೆಳಗೆ ಜರಿ. ಕ್ರಿಸ್ಮಸ್ ಮುಗಿದ ಮೇಲೆ ಒಣಗಿತು, ಪುಣ್ಯಾತ್ಮ.

ಹಾಗಾಗಿ ಈ ಸಲ ಹೋಳುಗಳು. ಬ್ರಷ್ಷಲ್ಲಿ ಬಳಿಯಬಹುದು, ಗಾಳಿ ಆಡುತ್ತೆ. ಇನ್ನೊಂದು ದೊಡ್ಡ ಅನುಕೂಲ ಇದೆ. ಅದನ್ನೇ ಈಗ ನೋಡುತ್ತಿದ್ದೀರಿ.

ಗುಂಡಾದ ವಸ್ತುವಿನ ಮೇಲೆ ನೇರವಾಗಿ ಹೆಸರು ಬರೆಯುವುದು ಕಷ್ಟ. ಕೈ ಎಷ್ಟು ನೆಟ್ಟಗಿದ್ದರೂ ಸಾಲು ಓರೆಯಾಗುತ್ತೆ. ಅದಕ್ಕೆ ನಾನು ಹೆಸರನ್ನು ಕಂಪ್ಯೂಟರಿನಲ್ಲಿ ನುಡಿ ಫಾಂಟಿನಲ್ಲಿ ದೊಡ್ಡದಾಗಿ ಟೈಪ್ ಮಾಡಿ ಪ್ರಿಂಟ್ ತೆಗೆದೆ. ಆ ಚೀಟಿಯನ್ನು ಹೋಳಿನ ಒಳಗಡೆ, ಅಕ್ಷರ ಹೊರಗೆ ಕಾಣುವ ಹಾಗೆ ಟೇಪ್ ಹಾಕಿ ಅಂಟಿಸಿದ್ದೇನೆ. ಈಗ ಹೊರಗಿನಿಂದ ಅಕ್ಷರದ ಮೇಲೇ ತಿದ್ದಿದರೆ ಆಯಿತು. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿಸುತ್ತಿದ್ದರಲ್ಲ, ಹಾಗೇ. ಚೀಟಿ ಸುಕ್ಕಾದರೆ ಮೇಲೆ ಕೆಳಗೆ ಕತ್ತರಿಯಲ್ಲಿ ನಾಲ್ಕೈದು ಕಚ್ಚು ಹಾಕಿ. ಬಟ್ಟಲಿಗೆ ಒಗ್ಗಿಕೊಂಡು ಕೂರುತ್ತೆ. ಇದಕ್ಕೆಂದೇ ಸ್ಟಿಕ್ಕರ್ ಕತ್ತರಿಸುವ ಮೆಷಿನ್ ಬರುತ್ತೆ. ಎಂಟು ಗುಂಡಿಗೆ ಅಷ್ಟು ದುಡ್ಡು ಯಾರು ಕೊಡುತ್ತಾರೆ?

ತಿದ್ದುವ ಮುಂಚೆ ಗುಂಡನ್ನು ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ. ಕೈಯ ಜಿಡ್ಡು ಇದ್ದ ಕಡೆ ಅಂಟು ಹಿಡಿಯುವುದಿಲ್ಲ. ಮಾರ್ಕರ್ ತಪ್ಪಿದರೂ ಸ್ಪಿರಿಟ್ಟೇ ಸಾಕು, ಅಳಿಸಿಹೋಗುತ್ತೆ. ಬೇರೆ ಏನೂ ಬೇಡ. ನಾನು ಬುದ್ಧಿವಂತಿಕೆ ಮಾಡಿ ನೇಲ್ ಪಾಲಿಶ್ ರಿಮೂವರ್ ಹಚ್ಚಿದೆ. ಇಲ್ಲಿ ಹತ್ತಿರದಿಂದ ತೋರಿಸುತ್ತೇನೆ. ಕಣ್ಣಿಗೆ ಪೊರೆ ಬಂದ ಹಾಗೆ ಮಂಜುಮಂಜು ಆಗಿದೆ, ಅಲ್ವಾ? ರಿಮೂವರಿನಲ್ಲಿರುವ ಅಸಿಟೋನ್ ಈ ಥರದ ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ. ಅದು ಅಪ್ಪನ ಗುಂಡಾಗಬೇಕಿತ್ತು. ಪರವಾಗಿಲ್ಲ, ಮಂಜಾದ ಭಾಗ ಹಿಂದಕ್ಕೆ ತಿರುಗಿಸಿ ತೂಗುಹಾಕುತ್ತೇನೆ. ನೀವು ಯಾರೂ ಹೇಳಬೇಡಿ.

ಈಗ ಒಳಗಿನ ಬಣ್ಣ. ಚೀಟಿ ತೆಗೆದು, ಒಳಗಡೆ ನೀರಿನ ವಾರ್ನಿಷ್ಷನ್ನು ತೆಳ್ಳಗೆ ಬಳಿದೆ. ದಪ್ಪ ಬಳಿದರೆ ಗ್ಲಿಟರ್ ಜಾರುತ್ತೆ. ಬೇಗ ಬೇಗ ಗ್ಲಿಟರ್ ಸುರಿದು, ಹೋಳನ್ನು ಒಂದು ಸುತ್ತು ತಿರುಗಿಸಿ, ಮಿಕ್ಕಿದ್ದನ್ನು ಪೇಪರ್ ಮೇಲೆ ಕೊಡವಿದೆ. ಪೇಪರ್ ಮಡಚಿ ಮತ್ತೆ ಡಬ್ಬಿಗೆ ಸುರಿದರೆ ಒಂದು ಚಿಟಿಕೆಯೂ ದಂಡವಾಗುವುದಿಲ್ಲ. ಗ್ಲಿಟರ್ ಸಣ್ಣದಾಗಿರಬೇಕು, ಟಾಲ್ಕಂ ಪೌಡರ್ ಥರ. ದಪ್ಪ ದಪ್ಪ ತುಣುಕಿನದು ಹಾಕಿದರೆ ಮಧ್ಯೆ ಮಧ್ಯೆ ಬೋಳುಬೋಳು. ಮತ್ತೆ ಅಂಚು! ಹೋಳಿನ ಅಂಚಿನಲ್ಲಿ ಒಂದು ಗೆರೆಯಷ್ಟು ಜಾಗ ಬಿಟ್ಟೇ ಬಳಿಯಿರಿ. ಅಂಚಿಗೆ ಜರಿ ಕೂತರೆ ಎರಡು ಹೋಳು ಟಕ್ ಅಂತ ಸೇರುವುದೇ ಇಲ್ಲ.

ಗ್ಲಿಟರನ್ನು ಒಳಗಡೆ ಹಾಕುವುದು ನನಗೆ ತುಂಬಾ ಇಷ್ಟ. ಹೊರಗೆ ಹಾಕಿದರೆ ಮುಟ್ಟಿದವರ ಕೈಗೆಲ್ಲ ಅಂಟುತ್ತೆ. ಒಳಗಿದ್ದರೆ ಉದುರುವುದಿಲ್ಲ, ಹೊರಗಡೆ ನುಣುಪಾಗಿ ಗಾಜಿನ ಹಾಗೇ ಕಾಣುತ್ತೆ. ಈ ಉಪಾಯ ಇವತ್ತಿನದೇನೂ ಅಲ್ಲ. ಜರ್ಮನಿಯಲ್ಲಿ ಲೌಶಾ ಅಂತ ಒಂದು ಊರಿದೆ, ಗಾಜು ಊದುವವರ ಊರು. 19ನೇ ಶತಮಾನದ ನಡುವಿನಿಂದ ಅಲ್ಲಿ ಕ್ರಿಸ್ಮಸ್ ಮರಕ್ಕೆ ಗಾಜಿನ ಗುಂಡು ಮಾಡಿ ಮಾರುತ್ತಿದ್ದಾರೆ. ಅವರೂ ಹೊಳಪು ಹಾಕುತ್ತಿದ್ದದ್ದು ಒಳಗಡೆಗೇ. ಬೆಳ್ಳಿ ನೈಟ್ರೇಟ್ ದ್ರವ ಹಾಕಿ ಅಲ್ಲಾಡಿಸಿದರೆ ಒಳಗೋಡೆಗೆ ಬೆಳ್ಳಿ ಹತ್ತಿ ಕನ್ನಡಿ ಆಗುತ್ತಿತ್ತು. ಆಮೇಲೆ 1939ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ, ಬಲ್ಬಿನ ಗಾಜು ಮಾಡುವ ಮೆಷಿನ್ನಲ್ಲೇ ಈ ಗುಂಡುಗಳನ್ನೂ ಮಾಡಲು ಶುರು ಮಾಡಿತು. ಬಲ್ಬಿಗೂ ಕ್ರಿಸ್ಮಸ್ ಗುಂಡಿಗೂ ಒಂದೇ ಮೆಷಿನ್. ಯೋಚನೆ ಮಾಡಿದರೆ ಆಕಾರವೂ ಅದೇ.

ಒಂದು ರಾತ್ರಿ ಒಣಗಲು ಬಿಟ್ಟೆ. ಎಲ್ಲಿ ಬಿಡುವುದು ಅನ್ನುವುದೇ ದೊಡ್ಡ ರಾಮಾಯಣವಾಯಿತು. ಅರ್ಧ ಗುಂಡು ಕೂರಿಸಲು ಇಡ್ಲಿ ತಟ್ಟೆಗಿಂತ ಒಳ್ಳೆಯ ಜಾಗ ಇದೆಯಾ? ಅಳತೆ ಮಾಡಿ ಮಾಡಿಸಿದ ಹಾಗೆ ಕೂತಿದ್ದವು. ಅಮ್ಮ ಬಂದು ನೋಡಿದರು.

"ನಾಳೆ ಅದರಲ್ಲಿ ಇಡ್ಲಿ ಹಾಕೋದು ನೀನಾ ನಾನಾ?"

ಅವರು ಹೇಳಿದ್ದು ಸರಿಯೇ. ಇದು ಪ್ಲಾಸ್ಟಿಕ್ ಗ್ಲಿಟರ್, ತಿನ್ನುವ ಪಾತ್ರೆ ಹತ್ತಿರ ಬರಬಾರದು. ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೋದರೂ ಮೋರಿಗೆ, ಅಲ್ಲಿಂದ ಕೆರೆಗೆ. ಈ ಕಾರಣಕ್ಕೇ ಯುರೋಪಿಯನ್ ಒಕ್ಕೂಟದಲ್ಲಿ 2023ರ ಅಕ್ಟೋಬರಿನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರುವ ಹಾಗಿಲ್ಲ. ನಾನು ಎರಡು ವರ್ಷದ ಹಿಂದಿನ ಡಬ್ಬಿಯನ್ನೇ ಖಾಲಿ ಮಾಡುತ್ತಿದ್ದೇನೆ. ಮೇಜಿನ ಮೇಲೆ ಬಿದ್ದದ್ದನ್ನು ನೀರು ಹಾಕಿ ತೊಳೆಯದೆ, ಚಪಾತಿ ಹಿಟ್ಟಿನ ಸಣ್ಣ ಉಂಡೆ ಒತ್ತಿ ಒತ್ತಿ ತೆಗೆಯಿರಿ. ಒಂದು ಕಣವೂ ಬಿಡದೆ ಎತ್ತಿಕೊಳ್ಳುತ್ತೆ. ಆ ಉಂಡೆ ಕಸಕ್ಕೆ. ಕಾಗೆಗೆ ಹಾಕಬೇಡಿ ಮತ್ತೆ.

ಗುಂಡುಗಳು ಕೊನೆಗೆ ಮೊಟ್ಟೆಯ ಟ್ರೇ ಮೇಲೆ ಹೋದವು.

ಕಾಗೆ ಅಂದೆ, ನೆನಪಾಯಿತು. ತಾತ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅವರು ಚಿಕ್ಕವರಿದ್ದಾಗ ಗೋದಲಿ, ಅಂದರೆ ಏಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವಾಗ ಜರಿಪುಡಿ ಎಲ್ಲಿತ್ತು? ಹೊಲದಲ್ಲಿ ಕಾಗೆಬಂಗಾರ (ಹೊಳೆಯುವ ಅಭ್ರಕದ ಕಲ್ಲು) ಆರಿಸಿಕೊಂಡು ಬರುತ್ತಿದ್ದರಂತೆ. ಪದರ ಪದರ ಬಿಡಿಸಿ, ಕಲ್ಲಿನಲ್ಲಿ ಜಜ್ಜಿ, ಗೋದಲಿಯ ಹುಲ್ಲಿನ ಮೇಲೆ ಉದುರಿಸಿದರೆ ಮೇಣದಬತ್ತಿ ಬೆಳಕಿಗೆ ಮಿಣಮಿಣ ಅನ್ನುತ್ತಿತ್ತಂತೆ. ಅಂಟೂ ಇಲ್ಲ, ವಾರ್ನಿಷ್ಷೂ ಇಲ್ಲ. "ಮಂಡೀಲೆಲ್ಲಾ ಬಿದ್ದು ಪೂಜೆಗೆ ಹೋದ್ರೆ ಫಾದರ್ ನಗೋರು" ಅಂದರು. ಮುಂದಿನ ವರ್ಷ ಅದನ್ನೇ ಮಾಡಬೇಕು ಅಂತಿದೆ.

ಈಗ ಹೆಸರು. ಇಲ್ಲಿ ವಿಡಿಯೋ ನಿಧಾನ ಮಾಡಿದ್ದೇನೆ.

ಎರಡೂ ಹೋಳು ಸೇರಿಸಿದೆ. ಗುಂಡು ಉರುಳದ ಹಾಗೆ ಬಳೆ ಮೇಲೆ ಕೂರಿಸಿದೆ. ಬಳೆ ಇದ್ದದ್ದು ಇದಕ್ಕೇ. ಒಳಗೆ ಕೆಂಪು ಜರಿ, ಹೊರಗೆ ಮಾರ್ಕರಿನಲ್ಲಿ ತಿದ್ದಿದ ಅಕ್ಷರ. ಅದರ ಮೇಲೆ ಸೂಜಿಮೂತಿಯ ಅಂಟಿನ ಬಾಟಲಿಯಲ್ಲಿ ಗೆರೆ ಎಳೆದು, ಚಿನ್ನದ ಗ್ಲಿಟರ್ ಉದುರಿಸಬೇಕು. ಒಂದೇ ಸಲ ಇಡೀ ಹೆಸರು ಬರೆಯಬೇಡಿ. ಎರಡು ಅಕ್ಷರ ಬರೆದು, ಜರಿ ಹಾಕಿ, ಒಣಗಿಸಿ, ಆಮೇಲೆ ಮುಂದಕ್ಕೆ. ಇಲ್ಲದಿದ್ದರೆ ಗುಂಡು ತಿರುಗಿಸುವಾಗ ಬೆರಳು ಬರೆದದ್ದರ ಮೇಲೇ ಹೋಗುತ್ತೆ.

ಬರೆಯುತ್ತಾ ಬರೆಯುತ್ತಾ ಒಂದು ವಿಷಯ ಗೊತ್ತಾಯಿತು. ಇಂಗ್ಲಿಷಿನ ಎಕ್ಸ್, ಎಚ್, ಇ ಎಲ್ಲ ನೇರ ಗೆರೆ. ಗುಂಡಿನ ಮೇಲೆ ಗೆರೆ ಸ್ವಲ್ಪ ಬಾಗಿದರೂ ಸೊಟ್ಟ ಅಂತ ತಕ್ಷಣ ಕಾಣುತ್ತೆ. ನಮ್ಮ ಅಕ್ಷರಗಳೇ ದುಂಡಗೆ. ಕೈ ನಡುಗಿದ್ದೂ ಅಂದ ಅಂತ ಅನ್ನಿಸಿಬಿಡುತ್ತೆ. ಕಷ್ಟ ಇರುವುದು ಒತ್ತಕ್ಷರದಲ್ಲಿ. ಅಜ್ಜಿಯ ಹೆಸರು ಇನ್ನಾಸಮ್ಮ. ನ ಕೆಳಗೊಂದು ಒತ್ತು, ಮ ಕೆಳಗೊಂದು ಒತ್ತು. ಗುಂಡಿನ ಹೊಟ್ಟೆಯ ಸರಿಮಧ್ಯದಲ್ಲಿ ಹೆಸರು ಬರೆದರೆ ಒತ್ತುಗಳು ಕೆಳಗಿನ ಇಳಿಜಾರಿಗೆ ಹೋಗಿ, ಎದುರಿಂದ ನೋಡಿದವರಿಗೆ ಇನಾಸಮ ಅಂತ ಮಾತ್ರ ಕಾಣುತ್ತೆ. ಅದಕ್ಕೆ ಚೀಟಿ ಅಂಟಿಸುವಾಗಲೇ ಹೆಸರನ್ನು ಅರ್ಧ ಬೆರಳು ಮೇಲಕ್ಕೆ ಏರಿಸಿ. ಫಾಂಟೂ ದೊಡ್ಡದಿರಲಿ. ಸಣ್ಣದಾದರೆ ಚ, ಸ, ಮ ಇವುಗಳ ಒಳಗಿನ ಖಾಲಿ ಜಾಗವೆಲ್ಲ ಅಂಟು ತುಂಬಿ ಮುಚ್ಚಿಹೋಗುತ್ತೆ.

ತಾತನ ಹೆಸರು ಕೊನೆಗೆ ಇಟ್ಟುಕೊಂಡಿದ್ದೆ. ಕೈ ಪಳಗಿರಲಿ ಅಂತ. ಚೌ ಬರೆದೆ, ಚೆನ್ನಾಗಿ ಬಂತು. ರ ಬರೆದೆ. ಇಲ್ಲಿ ನೋಡಿ, ಎಷ್ಟು ಮುದ್ದಾಗಿದೆ, ಪುಟ್ಟ ಗಂಟೆ ಥರ. ಪಕ್ಕದ ಪೇಪರ್ ಮೇಲೆ ಚಿನ್ನದ ಗ್ಲಿಟರ್ ರಾಶಿ ಇದೆ. ಅಷ್ಟರಲ್ಲಿ ಅಪ್ಪ ಹೊರಗಿನಿಂದ ಬಂದರು. ಬಂದವರೇ ಸ್ವಿಚ್ಚಿಗೆ ಕೈ ಹಾಕಿದರು.

ಫ್ಯಾನ್.

ನಾನು ಕಿರುಚಿದ್ದು ನಿಮಗೂ ಕೇಳಿಸಿತು. ಆಮೇಲೆ ಕ್ಯಾಮೆರಾ ಅಲ್ಲಾಡಿದ್ದು ನಾನು ಮೇಜಿನ ಮೇಲೆ ಬಗ್ಗಿ ಬಿದ್ದಿದ್ದಕ್ಕೆ. ಮನೆ ಪೂರ್ತಿ ಬಂಗಾರ. ಅಪ್ಪನ ಮೀಸೆಯಲ್ಲಿ, ತಾತನ ಶಾಲಿನ ಮೇಲೆ, ಅನ್ನದ ಪಾತ್ರೆಯ ಮುಚ್ಚಳದ ಮೇಲೆ. ಗುಂಡು ನೋಡಿದೆ. ಬೇರೆಲ್ಲ ಸರಿಯಾಗಿತ್ತು. ಹಾರಿದ ಜರಿಯ ಒಂದು ಸಣ್ಣ ಗಂಟು ಹೋಗಿ ರ ಒಳಗೆ, ಸರಿಯಾಗಿ ನಟ್ಟನಡುವೆ, ಅಂಟಿನ ಒಂದು ತೊಟ್ಟಿನ ಮೇಲೆ ಕೂತಿತ್ತು. ರ ಹೊಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ ಏನಾಗುತ್ತೆ? ಠ ಆಗುತ್ತೆ.

ಚೌಠಪ್ಪ.

ಸೂಜಿಯಲ್ಲಿ ಕೆರೆಯಲು ಹೋದೆ. ರ ಗೆರೆಯೂ ಕಿತ್ತು ಬರುವ ಹಾಗಿತ್ತು, ಬಿಟ್ಟೆ. ಅದನ್ನು ಟ್ರೇ ಮೂಲೆಯಲ್ಲಿಟ್ಟು, ನನ್ನ ಹೆಸರಿಗೆ ಅಂತ ಇಟ್ಟಿದ್ದ ಗುಂಡು ತೆಗೆದು, ಫ್ಯಾನ್ ಸ್ವಿಚ್ಚಿಗೆ ಟೇಪ್ ಹೊಡೆದು, ಮತ್ತೆ ಮೊದಲಿನಿಂದ ಬರೆದೆ. ಈ ಸಲ ಸರಿಯಾಗಿ ಬಂತು. ಝೇವಿಯರ್ ಹೆಸರಿನದೂ ಚೆನ್ನಾಗಿ ಬಂದಿದೆ. ಝ ಬರೆಯಲು ಮಾತ್ರ ಕಾಲು ಗಂಟೆ ಹಿಡಿಯಿತು.

ದಾರಕ್ಕೆ ಕೆಂಪು ಎಂಬ್ರಾಯ್ಡರಿ ದಾರ ಎರಡೆಳೆ ಹಾಕಿದ್ದೇನೆ. ಸರ್ವೆ ಕೊಂಬೆಯ ತುದಿಗೆ ಬೇಡ, ಬುಡದ ಹತ್ತಿರ ಕಟ್ಟಿ.

ಸಂಜೆ ತಾತನಿಗೆ ಎಲ್ಲ ಗುಂಡು ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಕಿಟಕಿ ಬೆಳಕಿಗೆ ಹಿಡಿದು ಓದಿದರು. ತಮ್ಮದು ಬಂದಾಗ ಓದಿ ಕೆಳಗಿಟ್ಟರು. ಏನೂ ಹೇಳಲಿಲ್ಲ. ಆಮೇಲೆ ಟ್ರೇ ಕಡೆ ಕೈ ತೋರಿಸಿ, "ಅದ್ಯಾವುದು ಮೂಲೇಲಿ?" ಅಂದರು. ಕೊಟ್ಟೆ. ಓದಿದರು. ನಗು ಬಂದು, ಕೆಮ್ಮು ಬಂದು, ಅಮ್ಮ ನೀರು ತಂದು ಕೊಡಬೇಕಾಯಿತು.

ಸರಿಯಾಗಿರುವ ಚೌರಪ್ಪ ಈಗ ಪೇಪರಿನಲ್ಲಿ ಸುತ್ತಿಕೊಂಡು ಡಬ್ಬಿಯಲ್ಲಿದ್ದಾನೆ. ಶನಿವಾರ ಬೆಂಗಳೂರಿಗೆ, ಝೇವಿಯರ್ ಮನೆಗೆ ಹೋಗುತ್ತಾನೆ. ನಮ್ಮ ಸರ್ವೆ ಕೊಂಬೆಯ ಮೇಲೆ ಇರುವುದು ಚೌಠಪ್ಪ. ತಾತನೇ ಕಟ್ಟಿದ್ದು, ಬಾಗಿಲಿಗೆ ಎದುರಾಗಿ, ಬಂದವರಿಗೆಲ್ಲ ಮೊದಲು ಕಾಣುವ ಹಾಗೆ.